ಸುಗುಣಾ ಯಾರು?

ಬಿಡಿಸಲಾಗದ ಒಗಟು ಎಂಬುದು ಈ ಭೂಮಿಯ ಮೇಲೆ ಇಲ್ಲವೇ ಇಲ್ಲ, ಇರುವುದು ತಲೆ ಓಡಿಸದ ಓದುಗರು ಮಾತ್ರ ಎಂದು ಕಾಪುವಿನ ಭುಜಂಗಣ್ಣ ಒಂದು ಶುಕ್ರವಾರ ಸಂಜೆ ತಮ್ಮ ಮನೆಯ ಚಾವಡಿಯಲ್ಲಿ ನಿಂತು ಘೋಷಿಸಿದರು. ಸಭಿಕರು ಇಬ್ಬರು. ಒಬ್ಬಳು ಹೆಂಡತಿ ಅಪ್ಪಿ, ಇನ್ನೊಂದು ಬೆಕ್ಕು. ಬೆಕ್ಕು ಎದ್ದು ಹೋಯಿತು. ಅಪ್ಪಿಗೆ ಹಲಸಿನ ಬೀಜ ಸುಲಿಯುವ ಕೆಲಸ ಇದ್ದುದರಿಂದ ಎದ್ದು ಹೋಗುವಂತಿರಲಿಲ್ಲ.

"ಇನ್ನು ಸ್ವಲ್ಪ ದಿನ. ಆಮೇಲೆ ನೋಡು, ಭುಜಂಗ ಎಂಬ ಹೆಸರು ಮನೆಮನೆಯಲ್ಲಿ" ಎಂದರು ಭುಜಂಗಣ್ಣ.

"ಪೊಲೀಸರು ಹುಡುಕುವ ಹಾಗೆ ಎಂತ ಮಾಡಿದ್ದೀರಿ?" ಎಂದಳು ಅಪ್ಪಿ.

ವಿಷಯ ಇಷ್ಟು. ಇದು ಎರಡು ಸಾವಿರದ ಒಂದನೇ ಇಸವಿಯ ಮಾತು. ಭುಜಂಗಣ್ಣನಿಗೆ ಮಣಿಪಾಲದಲ್ಲಿ ಒಂದು ಜೆರಾಕ್ಸ್ ಅಂಗಡಿ. ಕಾಲೇಜಿನ ಹುಡುಗರ ನೋಟ್ಸು ಯಂತ್ರದೊಳಗೆ ಹೋಗಿ ಹೊರಗೆ ಬರುವಷ್ಟರಲ್ಲಿ ಅವರು ಎರಡು ಪುಟ ಕಾದಂಬರಿ ಓದಿ ಮುಗಿಸುತ್ತಿದ್ದರು. ಅವರ ಮನೆಗೆ ಪ್ರತಿ ಶುಕ್ರವಾರ ಅಂಚೆಯಲ್ಲಿ ಬರುತ್ತಿದ್ದ ವಾರಪತ್ರಿಕೆಯಲ್ಲಿ ಆಗ 'ಪಡುಬೈಲು ಮನೆ' ಎಂಬ ಧಾರಾವಾಹಿ ನಡೆಯುತ್ತಿತ್ತು. ಬರೆಯುತ್ತಿದ್ದವರು ಜೆರ್ಟ್ರೂಡ್ ಟೀಚರ್. ಬೆಳ್ಮಣ್ ಕಡೆಯ ಶಾಲೆಯಲ್ಲಿ ಮೂವತ್ತು ವರ್ಷ ಕನ್ನಡ ಕಲಿಸಿ ನಿವೃತ್ತರಾದವರು. ಅಷ್ಟು ವರ್ಷ ಮಕ್ಕಳಿಗೆ ಪ್ರಶ್ನೆಪತ್ರಿಕೆ ಕೊಟ್ಟ ಕೈ ಸುಮ್ಮನೆ ಕೂರುತ್ತದೆಯೇ? ಇಪ್ಪತ್ತನಾಲ್ಕನೇ ಕಂತಿನ ಕೊನೆಗೆ ಓದುಗರಿಗೇ ಒಂದು ಪ್ರಶ್ನೆ ಇಟ್ಟುಬಿಟ್ಟಿದ್ದರು.

"ಪಡುಬೈಲು ಮನೆಯ ತಾಮ್ರದ ಚೊಂಬಿನ ಮೇಲೆ ಸುಗುಣಾ ಎಂಬ ಹೆಸರು ಕೆತ್ತಿದೆ. ಸುಗುಣಾ ಯಾರು? ಆ ಮನೆಯಲ್ಲಿ ಅವಳ ಹೆಸರನ್ನು ಇಪ್ಪತ್ತು ವರ್ಷಗಳಿಂದ ಯಾರೂ ಕರೆದಿಲ್ಲ. ಅವಳು ಉಣ್ಣುವುದನ್ನು ಯಾರೂ ನೋಡಿಲ್ಲ. ವರ್ಷಕ್ಕೊಂದು ಸೀರೆ ತರುತ್ತಾರೆ, ಅದು ಕಪಾಟಿನಲ್ಲಿ ಮಡಚಿದಲ್ಲೇ ಇರುತ್ತದೆ. ಮನೆಯಲ್ಲಿ ಏನು ಕೆಟ್ಟದ್ದಾದರೂ ಅವಳಿಂದಲೇ ಆಯಿತು ಎನ್ನುತ್ತಾರೆ. ಮೊದಲು ಸರಿಯುತ್ತರ ಬರೆದವರ ಹೆಸರನ್ನು ನನ್ನ ಮುಂದಿನ ಕಾದಂಬರಿಯ ಮುಖ್ಯ ಪಾತ್ರಕ್ಕೆ ಇಡುತ್ತೇನೆ. ಒಬ್ಬರಿಗೆ ಒಂದೇ ಕಾರ್ಡು. ಆಗಸ್ಟ್ ಹತ್ತರೊಳಗೆ ತಲುಪಬೇಕು."

ಮುಖ್ಯ ಪಾತ್ರ! ಭುಜಂಗಣ್ಣ ಆ ಸಾಲನ್ನು ಮೂರು ಸಲ ಓದಿದರು. ಯಾಕೆಂದರೆ ನಲವತ್ತೆಂಟು ವರ್ಷ ಆ ಹೆಸರು ಹೊತ್ತು ತಿರುಗಿದ ಕಷ್ಟ ಅವರಿಗೇ ಗೊತ್ತು. ಕಾದಂಬರಿಯಲ್ಲಿ ಭುಜಂಗ ಎಂದು ಒಬ್ಬ ಬಂದನೆಂದರೆ ಮೀಸೆ ತಿರುವುತ್ತಲೇ ಬರುತ್ತಾನೆ, ವಿಧವೆಯ ಜಮೀನು ನುಂಗುತ್ತಾನೆ. ಸಿನಿಮಾದಲ್ಲಿ ಬಂದರೆ ಕೊನೆಯ ರೀಲಿನಲ್ಲಿ ಪ್ರಪಾತಕ್ಕೆ ಬೀಳುವುದು ಖಂಡಿತ. ಶಾಲೆಯ ನಾಟಕದಲ್ಲಿ ಮೇಷ್ಟ್ರು ಹಾಜರಿ ಪುಸ್ತಕ ನೋಡಿಯೇ ಅವರಿಗೆ ರಾಕ್ಷಸನ ಪಾತ್ರ ಕೊಟ್ಟಿದ್ದರು. 'ಭುಜಂಗ ಕಿಟಕಿಯ ಬಳಿ ನಿಂತು ಮುಗುಳ್ನಕ್ಕ, ಅವಳ ಮನಸ್ಸು ಅರಳಿತು' ಎಂಬ ಒಂದೇ ಒಂದು ವಾಕ್ಯವನ್ನು ಅಚ್ಚಿನಲ್ಲಿ ಓದಿ ಕಣ್ಣು ಮುಚ್ಚಿದರೂ ಅಡ್ಡಿಯಿಲ್ಲ ಎಂಬುದು ಅವರ ಜೀವಮಾನದ ಆಸೆ.

ಅವರು ಸುಳಿವುಗಳನ್ನೆಲ್ಲ ಗಟ್ಟಿಯಾಗಿ ಓದಿದರು. ಅಪ್ಪಿ ಬೀಜ ಸುಲಿಯುವುದನ್ನು ನಿಲ್ಲಿಸಿ ಕೇಳಿದಳು.

"ಇದರಲ್ಲಿ ಕಷ್ಟದ್ದು ಎಂತ ಉಂಟು? ಅದು..."

"ನೀನು ಸುಮ್ಮನಿರು ಮಾರಾಯ್ತಿ. ಇದು ಸಾಹಿತ್ಯ. ಒಳಗೆ ಹೋಗಿ ಸಾರಿಗೆ ಉಪ್ಪು ನೋಡು."

ಅಪ್ಪಿ ಉಪ್ಪು ನೋಡಲು ಹೋದಳು.

ಮರುದಿನ ಅಂಗಡಿಯಲ್ಲಿ ಮಹಾ ಚರ್ಚೆ. ಪಕ್ಕದ ದರ್ಜಿ ಜೋನ್ ಹೊಲಿಗೆಯ ಮೆಷಿನಿನಿಂದ ಕಾಲು ತೆಗೆಯದೆ ಹೇಳಿದ: "ಹೆಸರು ಕರೆಯುವುದಿಲ್ಲ, ಉಣ್ಣುವುದು ಕಾಣುವುದಿಲ್ಲ, ಸೀರೆ ಉಡುವುದಿಲ್ಲ. ಸತ್ತವಳೇ ಇರಬೇಕು ಮಾರಾಯ್ರೆ."

ಭುಜಂಗಣ್ಣ ಕುರ್ಚಿಯಿಂದ ಎದ್ದೇ ಬಿಟ್ಟರು. ಸತ್ತವಳು! ಸತ್ತವರಿಗಲ್ಲವೇ ಎಲೆ ಹಾಕಿ ಬಡಿಸಿ ಬಾಗಿಲು ಎಳೆದುಕೊಂಡು ಹೊರಗೆ ಬರುವುದು? ಸತ್ತವರಿಂದಲ್ಲವೇ ಮನೆಗೆ ತೊಂದರೆ? ಚಿಕ್ಕಂದಿನಲ್ಲೇ ಹೋದ ಹುಡುಗಿಗಲ್ಲವೇ ವರ್ಷವರ್ಷವೂ ಸೀರೆ ತಂದಿಡುವುದು? ಐದು ನಿಮಿಷದಲ್ಲಿ ಆ ಉತ್ತರ ಪೂರ್ತಿಯಾಗಿ ಅವರ ಸ್ವಂತದ್ದೇ ಆಯಿತು. "ನಾನು ನಿನ್ನೆಯೇ ಅಂದಾಜು ಮಾಡಿದ್ದೆ" ಎಂದು ಜೋನನಿಗೇ ಹೇಳಿದರು.

ಆದರೆ ಒಬ್ಬರಿಗೆ ಒಂದೇ ಕಾರ್ಡು. ತಪ್ಪಿದರೆ ಮುಗಿಯಿತು. ಉತ್ತರದ ಜತೆ ಸಾಕ್ಷಿಯೂ ಇರಲಿ ಎಂದು ಭುಜಂಗಣ್ಣ ಇನ್ನೊಂದು ಮಹಾ ತರ್ಕ ಮಾಡಿದರು. ಟೀಚರ್ ಇದ್ದದ್ದು ಬೆಳ್ಮಣ್ ಕಡೆ. ಕಥೆ ಬರೆಯುವವರು ಕಂಡದ್ದನ್ನೇ ಬರೆಯುತ್ತಾರೆ. ಹಾಗಾದರೆ ಪಡುಬೈಲು ಮನೆ ಅಲ್ಲೇ ಎಲ್ಲೋ ಇರಲೇಬೇಕು, ಆ ಹುಡುಗಿಯೂ ಆ ಮನೆಯವಳೇ ಆಗಿರಬೇಕು. ಭಾನುವಾರ ಬೆಳಿಗ್ಗೆ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿ, ಕೊಡೆ ಹಿಡಿದು, ನೋಟುಪುಸ್ತಕ ಕಂಕುಳಲ್ಲಿಟ್ಟು ಬಸ್ಸು ಹತ್ತಿದರು. ಎಲ್ಲಿಗೆ ಎಂದು ಅಪ್ಪಿ ಕೇಳಿದ್ದಕ್ಕೆ "ಸಂಶೋಧನೆಗೆ" ಎಂದರು.

ಬೆಳ್ಮಣ್ ಪೇಟೆಯಲ್ಲಿ ಇಳಿದು ಒಂದು ಗೂಡಂಗಡಿಯಲ್ಲಿ ಧಾರಾವಾಹಿಯಲ್ಲಿ ಓದಿದ್ದ ಗುರುತು ಹೇಳಿ ವಿಚಾರಿಸಿದರು. "ಇಲ್ಲಿ ಹತ್ತಿರ ಹಳೆಯ ಮನೆ ಯಾವುದುಂಟು? ಮೂಡು ಬದಿಗೆ ಬಾವಿ ಇರುವಂಥದ್ದು. ಆ ಮನೆಯ ಹುಡುಗಿಯೊಬ್ಬಳು ಚಿಕ್ಕಂದಿನಲ್ಲೇ ಹೋಗಿರಬೇಕು."

ಗೂಡಂಗಡಿಯವನು ಅವರ ಬಿಳಿ ಅಂಗಿ ನೋಡಿದ, ಪುಸ್ತಕ ನೋಡಿದ. ತಿಂಗಳು ಆಟಿ. ಅವನ ಮುಖದಲ್ಲಿ ಗೌರವ ಮೂಡಿತು. "ಓ, ಅದಕ್ಕಾ? ದೂಮಪ್ಪಣ್ಣನ ಮನೆಗೆ ಹೋಗಿ. ಅವರೂ ಹುಡುಕುತ್ತಾ ಇದ್ದಾರೆ."

ಅವರೂ ಹುಡುಕುತ್ತಿದ್ದಾರೆ! ಅಂದರೆ ಪೈಪೋಟಿಗೆ ಜನ ಉಂಟು ಎಂದು ಭುಜಂಗಣ್ಣ ಗದ್ದೆಯ ಬದುವಿನಲ್ಲಿ ಓಡಿಕೊಂಡೇ ಹೋದರು.

ಇಲ್ಲಿ ಓದುಗರಿಗೆ ಒಂದು ಮಾತು ಹೇಳದೆ ಮುಂದೆ ಹೋಗುವಂತಿಲ್ಲ. ತುಳುನಾಡಿನಲ್ಲಿ ಚಿಕ್ಕಂದಿನಲ್ಲೇ ತೀರಿಕೊಂಡ ಮಕ್ಕಳು ಆಚೆ ಲೋಕದಲ್ಲಿ ದೊಡ್ಡವರಾಗುತ್ತಾರೆ ಎಂಬ ನಂಬಿಕೆ. ಪ್ರಾಯ ಬಂದ ಮೇಲೆ ಅವರಿಗೂ ಮದುವೆ ಆಗಬೇಕು. ಹಾಗೆಯೇ ತೀರಿಕೊಂಡ ಇನ್ನೊಬ್ಬರ ಮನೆಯ ಮಗುವನ್ನು ಹುಡುಕಿ, ಕುಲ ನೋಡಿ, ಸಂಬಂಧ ಮಾಡುತ್ತಾರೆ. ಅದಕ್ಕೆ ಕುಲೆ ಮದುವೆ, ಅಂದರೆ ಸತ್ತವರ ಮದುವೆ, ಎಂದು ಹೆಸರು. ಬದುಕಿದ್ದವರ ಮದುವೆ ನಡೆಯದ ಆಟಿ ತಿಂಗಳಿನಲ್ಲೇ ಅದು ನಡೆಯುವುದು. ಆಟಿಯಲ್ಲಿ ಬಿಳಿ ಅಂಗಿ ಹಾಕಿ ಬಂದು ತೀರಿಕೊಂಡ ಹುಡುಗಿಯ ವಿಷಯ ಕೇಳುವವನು ಯಾಕೆ ಬಂದಿದ್ದಾನೆಂದು ಈ ಕಡೆಯ ಪುಟ್ಟ ಮಗುವಿಗೂ ಗೊತ್ತು. ಭುಜಂಗಣ್ಣನಿಗೂ ಗೊತ್ತಿತ್ತು. ಆದರೆ ಆ ದಿನ ಅವರ ತಲೆಯೊಳಗೆ ಕಾದಂಬರಿ ಬಿಟ್ಟು ಬೇರೆ ಯಾವುದಕ್ಕೂ ಜಾಗ ಇರಲಿಲ್ಲ.

ದೂಮಪ್ಪಣ್ಣ ಅರುವತ್ತು ದಾಟಿದ ಸಾಧು ಮನುಷ್ಯ. ಹೆಂಡತಿ ಕುಸುಮಕ್ಕ ಬೆಲ್ಲ, ನೀರು ತಂದಿಟ್ಟರು. ಭುಜಂಗಣ್ಣ ಅಂಗಳದ ಬಾವಿಯನ್ನು ಕಣ್ಣು ತುಂಬಾ ನೋಡಿ ವಿಷಯಕ್ಕೆ ಬಂದರು.

"ನಾನು ಕಾಪುವಿನಿಂದ. ನಿಮ್ಮ ಮನೆಯ ಹುಡುಗಿಯೊಬ್ಬಳು ಚಿಕ್ಕಂದಿನಲ್ಲೇ ಹೋದಳಂತೆ. ಅವಳ ವಿಷಯ ತಿಳಿದುಕೊಳ್ಳುವ ಎಂದು ಬಂದೆ."

ಕುಸುಮಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡರು. "ಇವರ ತಂಗಿ, ವಾರಿಜಾ. ಮೂರು ವರ್ಷಕ್ಕೆ ಜ್ವರ ಬಂದು ಹೋದಳು. ಇದ್ದಿದ್ದರೆ ಈಗ ನಲವತ್ತಾರು."

ಹೆಸರು ಬದಲಾಯಿಸುವುದು ಲೇಖಕರ ಬುದ್ಧಿವಂತಿಕೆ ಎಂದುಕೊಂಡು ಭುಜಂಗಣ್ಣ ಪುಸ್ತಕ ಬಿಚ್ಚಿದರು. "ಅವಳಿಗೆ ವರ್ಷಕ್ಕೊಂದು ಸೀರೆ ತರುತ್ತೀರಾ?"

"ತರುತ್ತೇವೆ. ಎಲ್ಲ ಕಪಾಟಿನಲ್ಲಿ ಉಂಟು. ತೋರಿಸಬೇಕಾ?"

"ಬೇಡ ಬೇಡ. ಮನೆಯಲ್ಲಿ ಕೆಟ್ಟದ್ದಾದರೆ ಅವಳಿಂದ ಎನ್ನುತ್ತೀರಾ?"

"ನಾವು ಹೇಳುವುದಲ್ಲ" ಎಂದರು ದೂಮಪ್ಪಣ್ಣ, "ಪ್ರಶ್ನೆ ಇಟ್ಟಾಗ ಜೋಯಿಸರು ಹೇಳಿದ್ದು. ಮಗಳಿಗೆ ಇಪ್ಪತ್ತೆಂಟಾಯಿತು. ಎರಡು ಸಂಬಂಧ ನಿಶ್ಚಯದ ತನಕ ಬಂದು ತಪ್ಪಿತು. ಸೋದರತ್ತೆಯದ್ದು ಆಗದೆ ಸೊಸೆಯದ್ದು ಆಗುವುದಿಲ್ಲವಂತೆ."

ಎಲ್ಲವೂ ಕೂಡಿಬಂತು! ಭುಜಂಗಣ್ಣನ ಪೆನ್ನು ನಿಲ್ಲದೆ ಓಡಿತು. ಈಗ ದೂಮಪ್ಪಣ್ಣನ ಸರದಿ.

"ನಿಮ್ಮದು ಯಾವ ಕುಲ?"

"ಅಮೀನ್."

"ನಮ್ಮದು ಸಾಲಿಯಾನ್. ಬೇರೆ ಬೇರೆಯೇ, ಅಡ್ಡಿ ಇಲ್ಲ. ನಿಮ್ಮಲ್ಲಿ ಹಾಗೆ ಹೋದವರು?"

"ನನ್ನ ಅಣ್ಣನೊಬ್ಬ, ಶೀನ ಅಂತ. ನಾನು ಹುಟ್ಟುವ ಮೊದಲೇ ಹೋದ. ಇದ್ದಿದ್ದರೆ ಐವತ್ತೊಂದು" ಎಂದರು ಭುಜಂಗಣ್ಣ, ತಲೆ ಎತ್ತದೆ ಬರೆಯುತ್ತ.

ಗಂಡ ಹೆಂಡತಿ ಮುಖ ಮುಖ ನೋಡಿಕೊಂಡರು. ಬೆಲ್ಲ ನೀರಿನ ಬದಲು ಕಾಫಿ ಬಂತು, ಕಾಫಿಯ ಹಿಂದೆ ಪತ್ರೊಡೆ ಬಂತು.

"ಹಾಗಾದರೆ ಯಾವಾಗ ಇಟ್ಟುಕೊಳ್ಳುವ?" ಎಂದರು ದೂಮಪ್ಪಣ್ಣ.

"ಆಗಸ್ಟ್ ಹತ್ತರೊಳಗೆ ಮುಗಿಯಲೇಬೇಕು. ತಡ ಮಾಡಿದರೆ ಬೇರೆಯವರು ಮುಂದೆ ಹೋಗುತ್ತಾರೆ."

"ಅಷ್ಟು ಗಡಿಬಿಡಿಯಾ?"

"ಇದು ನನಗೆ ಜೀವಮಾನದ ಆಸೆ ಮಾರಾಯ್ರೆ" ಎಂದರು ಭುಜಂಗಣ್ಣ, ಪತ್ರೊಡೆ ಬಾಯಲ್ಲಿಟ್ಟುಕೊಂಡು.

ಕಣ್ಣಿನಲ್ಲೂ ನೋಡದ ಅಣ್ಣನ ಮೇಲೆ ಎಷ್ಟು ಪ್ರೀತಿ ಎಂದು ಕುಸುಮಕ್ಕ ಒಳಗೆ ಹೋಗಿ ಮತ್ತೊಮ್ಮೆ ಕಣ್ಣೊರೆಸಿಕೊಂಡರು. ಹೊರಡುವಾಗ ದೂಮಪ್ಪಣ್ಣ ವಿಳಾಸ ಕೇಳಿದರು, ಭುಜಂಗಣ್ಣ ದಾರಿಯ ಗುರುತು ಸಮೇತ ಬರೆದುಕೊಟ್ಟರು. ಎಷ್ಟು ಒಳ್ಳೆಯ ಜನ, ಪುಸ್ತಕದ ಮೇಲೆ ಎಷ್ಟು ಆಸಕ್ತಿ ಎಂದು ಬಸ್ಸಿನ ಕಂಡಕ್ಟರನ ಹತ್ತಿರ ಹೊಗಳಿದರು. ಮರುದಿನವೇ ಕಾರ್ಡು ಅಂಚೆಗೆ ಬಿತ್ತು: 'ಸುಗುಣಾ ಆ ಮನೆಯಲ್ಲಿ ಚಿಕ್ಕಂದಿನಲ್ಲೇ ತೀರಿಕೊಂಡ ಹುಡುಗಿ. ಸಾಕ್ಷಿ ನನ್ನಲ್ಲಿ ಉಂಟು.'

ಮುಂದಿನ ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ ಭುಜಂಗಣ್ಣನ ಅಂಗಳಕ್ಕೆ ಒಂದು ಜೀಪು ಬಂದು ನಿಂತಿತು. ಅದರಿಂದ ಹನ್ನೊಂದು ಜನ ಇಳಿದರು, ಎರಡು ಬಾಳೆಗೊನೆ ಇಳಿಯಿತು, ಹರಿವಾಣದಲ್ಲಿ ವೀಳ್ಯ, ಹಿಂಗಾರ, ಒಂದು ಕೆಂಪು ಸೀರೆ ಇಳಿಯಿತು. ಭುಜಂಗಣ್ಣ ಬಚ್ಚಲಲ್ಲಿದ್ದರು. ಹೊರಗೆ ಬರುವಾಗ ಅಪ್ಪಿ ಬಾಗಿಲಲ್ಲೇ ಕಾದು ನಿಂತಿದ್ದಳು.

"ಮನೆಗೆ ಹೆಣ್ಣು ನಿಶ್ಚಯ ಮಾಡಿ ಬಂದಿದ್ದೀರಂತೆ. ನನಗೊಂದು ಮಾತು ಹೇಳಬಾರದಿತ್ತಾ?"

"ಯಾರಿಗೆ ಹೆಣ್ಣು?"

"ನಿಮ್ಮ ಅಣ್ಣನಿಗೆ."

ತಲೆ ಒರೆಸುತ್ತಿದ್ದ ಬೈರಾಸು ಭುಜಂಗಣ್ಣನ ಕೈಯಿಂದ ಜಾರಿತು. ಬಿಳಿ ಅಂಗಿ, ಆಟಿ ತಿಂಗಳು, ಕುಲ, ಪ್ರಾಯ, ಪತ್ರೊಡೆ, ಎಲ್ಲವೂ ಒಮ್ಮೆಲೇ ತಲೆಯೊಳಗೆ ಬಂದು ಕೂತವು. ನಡೆದದ್ದನ್ನು ಗಡಗಡ ಹೇಳಿದರು. ಅಪ್ಪಿ ಕೇಳಿದಳು.

"ಒಂದು ಕಾರ್ಡು ಬರೆಯಲು ಒಂದು ಮದುವೆಯೇ ಬೇಕಾಯಿತಾ?"

"ಈಗಲೇ ಹೋಗಿ ನಿಜ ಹೇಳಿಬಿಡುತ್ತೇನೆ ಅಪ್ಪಿ."

ಅವರು ಧೈರ್ಯ ತಂದುಕೊಂಡು ಚಾವಡಿಗೆ ಹೋದರು. ಬಾಯಿ ತೆರೆಯುವ ಮೊದಲೇ ಕುಸುಮಕ್ಕ ಕೈ ಮುಗಿದರು. "ಒಂಬತ್ತು ವರ್ಷದಿಂದ ಹುಡುಕುತ್ತಿದ್ದೇವೆ. ಹಿರಿಯಡ್ಕದ ತನಕ ಹೋಗಿ ಬಂದೆವು. ಒಂದು ಕಡೆ ಪ್ರಾಯ ಕೂಡಿದರೆ ಕುಲ ಕೂಡುವುದಿಲ್ಲ. ನೀವಾಗಿಯೇ ಮನೆ ಬಾಗಿಲಿಗೆ ಬಂದಿರಿ. ಇನ್ನು ನನ್ನ ಮಗಳದ್ದೂ ಆಗುತ್ತದೆ." ಮೂಲೆಯಲ್ಲಿ ಕೂತಿದ್ದ ಮಗಳು ನೆಲ ನೋಡುತ್ತಿದ್ದಳು. ಇಂಥವರೆದುರು ವಾರಪತ್ರಿಕೆ ತೆಗೆದು ತೋರಿಸುವುದು ಹೇಗೆ? ಭುಜಂಗಣ್ಣನಿಗೆ ನಿಜವಾಗಿಯೂ ನಾಚಿಕೆಯಾಯಿತು.

ಹಿಂದಿನಿಂದ ಅಪ್ಪಿ ಬಂದಳು. "ನಮ್ಮ ಅತ್ತೆ ಸಾಯುವ ತನಕ ಆ ಮಗುವಿನ ಹೆಸರು ಹೇಳಿ ಅಳುತ್ತಿದ್ದರು. ಇವರು ತಡ ಮಾಡಿದ್ದೇ ತಪ್ಪು" ಎಂದು ಎಲ್ಲರಿಗೂ ಕೇಳುವ ಹಾಗೆ ಹೇಳಿ, ಗಂಡನ ಕಡೆಗೆ ತಿರುಗಿ ಮೆಲ್ಲಗೆ ಸೇರಿಸಿದಳು: "ಈಗ ಸುಮ್ಮನೆ ವೀಳ್ಯ ತೆಗೆದುಕೊಳ್ಳಿ."

ಮುಂದಿನ ಏಳು ದಿನ ಭುಜಂಗಣ್ಣ ನಿಂತಲ್ಲಿ ನಿಲ್ಲಲಿಲ್ಲ. ಮದುಮಗನಿಗೆ ಅಂಗಿ ಹೊಲಿಸಲು ಜೋನನ ಹತ್ತಿರ ಹೋದರು.

"ಅಳತೆ?" ಎಂದ ಜೋನ್.

"ಒಂದೂವರೆ ವರ್ಷಕ್ಕೆ ಹೋದವನು."

"ಮಗುವಿನ ಜಬಲಾ ಹೊಲಿಯುವುದಾ?"

"ಅಲ್ಲ ಮಾರಾಯ. ಈಗ ಐವತ್ತೊಂದು."

ಜೋನ್ ಟೇಪು ತೆಗೆದು ಭುಜಂಗಣ್ಣನ ಅಳತೆಯನ್ನೇ ತೆಗೆದ. "ಹೊಟ್ಟೆ ಮಾತ್ರ ಎರಡು ಇಂಚು ಕಡಿಮೆ ಇಡುತ್ತೇನೆ. ಅವರು ಆಚೆ ಲೋಕದಲ್ಲಿ ಕುರ್ಚಿಯಲ್ಲಿ ಕೂತೇ ಇರಲಿಕ್ಕಿಲ್ಲ" ಎಂದ.

ಮದುವೆ ಬೆಳ್ಮಣ್ಣಿನಲ್ಲಿ ಚೆನ್ನಾಗಿಯೇ ಆಯಿತು. ಎರಡು ಮಣೆ, ಒಂದರ ಮೇಲೆ ಹೊಸ ಅಂಗಿ ಪಂಚೆ, ಇನ್ನೊಂದರ ಮೇಲೆ ಕೆಂಪು ಸೀರೆ, ಬಳೆ, ಕರಿಮಣಿ. ಕೋಳಿಯ ಊಟ. ಹುಡುಗನ ಕಡೆಯ ಯಜಮಾನರು ಭುಜಂಗಣ್ಣನೇ. ಮದುಮಕ್ಕಳನ್ನು ಕಾಪುವಿಗೆ ಕರೆತರುವಾಗ ಜೀಪಿನಲ್ಲಿ ಎರಡು ಸೀಟು ಅವರಿಗೆಂದು ಬಿಟ್ಟದ್ದರಿಂದ, ಯಜಮಾನರು ಹಿಂದೆ ಮೆಟ್ಟಿಲಿನ ಮೇಲೆ ಜೋತುಕೊಂಡು ಮಳೆಯಲ್ಲಿ ನೆನೆಯುತ್ತ ಬಂದರು. ಶಿರ್ವದಲ್ಲಿ ಒಬ್ಬ ಮನುಷ್ಯ ಕೈ ತೋರಿಸಿ ಜೀಪು ನಿಲ್ಲಿಸಿ, "ಸೀಟು ಖಾಲಿ ಉಂಟಲ್ಲ, ಕಾಪುವಿಗೆ ಬರಲಾ?" ಎಂದು ಒಂದು ಕಾಲು ಒಳಗಿಟ್ಟ.

"ಖಾಲಿ ಇಲ್ಲ, ಮದುಮಕ್ಕಳು ಕೂತಿದ್ದಾರೆ" ಎಂದರು ಭುಜಂಗಣ್ಣ ಹಿಂದಿನಿಂದ.

ಆ ಮನುಷ್ಯ ಒಳಗೆ ನೋಡಿದ. ಸೀರೆ ನೋಡಿದ, ಅಂಗಿ ನೋಡಿದ. ಕಾಲು ತೆಗೆದವನು ಚಪ್ಪಲಿಯನ್ನು ಜೀಪಿನಲ್ಲೇ ಬಿಟ್ಟು ಹೋದ.

ಇಷ್ಟೆಲ್ಲ ಆದರೂ ಭುಜಂಗಣ್ಣನ ಉತ್ಸಾಹಕ್ಕೆ ತುಕ್ಕು ಹಿಡಿಯಲಿಲ್ಲ. ಒಂದು ಉತ್ತರಕ್ಕಾಗಿ ಅಣ್ಣನ ಮದುವೆಯನ್ನೇ ಮಾಡಿಸಿದ ಓದುಗ ಕನ್ನಡದಲ್ಲಿ ಇನ್ನೊಬ್ಬ ಇದ್ದಾನೆಯೇ? ಫಲಿತಾಂಶ ಬರುವ ಶುಕ್ರವಾರ ಅಂಗಡಿಗೆ ಬೀಗ ಹಾಕಿ, ಬೆಳಿಗ್ಗೆಯಿಂದ ಗೇಟಿನ ಬಳಿ ಕುರ್ಚಿ ಹಾಕಿ ಕೂತರು. ಹನ್ನೆರಡು ಗಂಟೆಗೆ ಅಂಚೆಯವನ ಸೈಕಲ್ ಬಂತು. ಪತ್ರಿಕೆಯನ್ನು ಅವನ ಕೈಯಿಂದ ಕಿತ್ತುಕೊಂಡೇ ಬಿಡಿಸಿದರು.

'ಬಂದ ಕಾರ್ಡುಗಳಲ್ಲಿ ಹೆಚ್ಚಿನವರು ಸುಗುಣಾಳನ್ನು ಸಾಯಿಸಿಬಿಟ್ಟಿದ್ದೀರಿ' ಎಂದು ಬರೆದಿದ್ದರು ಟೀಚರ್. 'ಅವಳು ಸತ್ತಿಲ್ಲ. ಮೊದಲ ಕಂತಿನಿಂದಲೂ ಅಡಿಗೆಮನೆಯಲ್ಲಿದ್ದಾಳೆ. ಅವಳೇ ಆ ಮನೆಯ ತಾಯಿ. ಮಕ್ಕಳಿಗೆ ಅಮ್ಮ, ಗಂಡನಿಗೆ ಇವಳೇ, ಮೈದುನನಿಗೆ ಅತ್ತಿಗೆ. ಎಲ್ಲರಿಗೂ ಬಡಿಸಿದ ಮೇಲೆ ಉಳಿದದ್ದನ್ನು ಒಬ್ಬಳೇ ಉಣ್ಣುತ್ತಾಳೆ. ಉಟ್ಟು ಹೋಗಲು ಜಾಗ ಇಲ್ಲದೆ ಅವಳ ಹೊಸ ಸೀರೆ ಕಪಾಟಿನಲ್ಲಿರುತ್ತದೆ. ಚೊಂಬು ಅವಳ ಮದುವೆಗೆ ತವರಿನವರು ಕೊಟ್ಟದ್ದು. ಸರಿಯುತ್ತರ ಬರೆದವರು ಒಬ್ಬರೇ ಒಬ್ಬರು. ಅವರಿಗೆ ಬೇರೆಯೇ ಪತ್ರ ಕಳುಹಿಸಿದ್ದೇನೆ.'

ಭುಜಂಗಣ್ಣ ಪತ್ರಿಕೆಯನ್ನು ಕುರ್ಚಿಯ ಮೇಲೆ ಎಸೆದರು. ಕಿಟಕಿಯ ಬಳಿ ಮುಗುಳ್ನಗುತ್ತಿದ್ದ ಭುಜಂಗ ಮತ್ತೆ ಪ್ರಪಾತಕ್ಕೆ ಬಿದ್ದ.

"ಮೋಸ ಇದು. ಮನೆಯೊಳಗೇ ಇರುವವಳನ್ನು ಯಾರು ಹುಡುಕುತ್ತಾರೆ?"

"ಭುಜಂಗಣ್ಣ, ಒಂದು ರಿಜಿಸ್ಟರ್ ಕೂಡ ಉಂಟು" ಎಂದ ಅಂಚೆಯವನು, ಚೀಲದಲ್ಲಿ ಕೈ ಹಾಕಿ. "ವಸುಂಧರಾ ಅಂತ. ಯಾರದು?"

"ಆ ಹೆಸರಿನವರು ಈ ಮನೆಯಲ್ಲಿ ಯಾರೂ ಇಲ್ಲ" ಎಂದರು ಭುಜಂಗಣ್ಣ ಸಿಡುಕಿನಿಂದ. "ಹೆಸರೇ ಕೇಳಿಲ್ಲ. ವಾಪಸು ಕಳಿಸು."

"ಮನೆ ನಂಬರ್ ನಿಮ್ಮದೇ ಹಾಕಿದ್ದಾರೆ."

"ಹಾಕಲಿ. ಇಪ್ಪತ್ತಮೂರು ವರ್ಷದಿಂದ ನಾನೇ ಈ ಮನೆಯಲ್ಲಿ ಇರುವುದು, ನನಗೆ ಗೊತ್ತಿಲ್ಲವಾ?"

ಅಪ್ಪಿ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಅಡಿಗೆಮನೆಯಿಂದ ಬಂದಳು. "ಕೊಡಿ. ಎಲ್ಲಿ ಸಹಿ ಹಾಕಬೇಕು?"

ಅಂಚೆಯವನು ಬೆರಳಿಟ್ಟು ತೋರಿಸಿದ. ಅಪ್ಪಿ ನಿಧಾನವಾಗಿ, ಒಂದು ಅಕ್ಷರವೂ ಕೆಡದ ಹಾಗೆ, ಪೂರ್ತಿ ಹೆಸರು ಬರೆದಳು. ಅಂಚೆಯವನು ಒಮ್ಮೆ ಅವಳ ಮುಖ ನೋಡಿ, ಒಮ್ಮೆ ಅವರ ಮುಖ ನೋಡಿ, ನಗು ಬರುವ ಮೊದಲೇ ಸೈಕಲ್ ಹತ್ತಿದ.

ಭುಜಂಗಣ್ಣನಿಗೆ ಮದುವೆಯ ಆಮಂತ್ರಣದ ಕಾಗದ ನೆನಪಾಯಿತು. ಅದರಲ್ಲಿ ಹಳದಿ ಬಣ್ಣದಲ್ಲಿ ಅಚ್ಚಾಗಿದ್ದ ಎರಡು ಹೆಸರಲ್ಲಿ ಒಂದು ಅವರದು. ಇನ್ನೊಂದು ಯಾವುದೆಂದು ಇಪ್ಪತ್ತಮೂರು ವರ್ಷದ ಮೇಲೆ ಈಗ ನೆನಪಾಯಿತು.

"ನೀನು ಯಾವಾಗ ಬರೆದದ್ದು?"

"ನೀವು ಸಂಶೋಧನೆಗೆ ಹೋದ ದಿನ. ಅದಕ್ಕೂ ಮೊದಲೇ ಹೇಳಲು ಬಂದೆ. ಉಪ್ಪು ನೋಡು ಎಂದಿರಿ."

ಅಪ್ಪಿ ಲಕೋಟೆ ಬಿಡಿಸಿ ಅಲ್ಲೇ ನಿಂತು ಓದಿದಳು. ಓದಿ ಮುಗಿಸಿ ಇನ್ನೊಮ್ಮೆ ಓದಿದಳು. ಅವಳ ಮುಖ ಅಷ್ಟು ಅರಳಿದ್ದನ್ನು ಭುಜಂಗಣ್ಣ ನೋಡಿ ತುಂಬಾ ವರ್ಷವಾಗಿತ್ತು. ಸೋತ ದುಃಖದ ನಡುವೆಯೂ ಅವರಿಗೆ ಸಂತೋಷವಾಯಿತು. ಆದರೂ ಆಸೆ ಎಂಬುದು ಹಾಳು ಜಾತಿ. ಗಂಟಲು ಸರಿಮಾಡಿಕೊಂಡರು.

"ನಾಯಕಿಯ ಹೆಸರು ವಸುಂಧರಾ ಎಂದಾಯಿತು, ಸಂತೋಷ. ನಾಯಕನಿಗೆ ಯಾವ ಹೆಸರು ಅಂತೆ?"

"ಈ ಕಾದಂಬರಿಯಲ್ಲಿ ನಾಯಕ ಇಲ್ಲವಂತೆ" ಎಂದಳು ಅಪ್ಪಿ ಕಾಗದ ಮಡಚುತ್ತ. "ಒಬ್ಬ ಗಂಡ ಇದ್ದಾನಂತೆ. ಅವನಿಗೆ ಹೆಸರು ಬೇಕಾ, ಬೇಡವಾ ಎಂದು ನನ್ನನ್ನು ಕೇಳಿದ್ದಾರೆ."